ಘಾಟು ನಿಲ್ಲದ ಮನೆ

ಕದರಮಂಡಲಗಿ ರಸ್ತೆಯಲ್ಲಿ ಬ್ಯಾಡಗಿ ಊರು ಮುಗಿಯುವ ಕಡೆ ಪ್ರಭುಲಿಂಗಪ್ಪ ಕಟ್ಟಿಸಿದ ಮನೆಗೆ ಕಟ್ಟೆ ಇರಲಿಲ್ಲ. ಊರೊಳಗಿನ ಅವನ ಅಪ್ಪನ ಮನೆಗೆ ಬಾಗಿಲಿನ ಎರಡೂ ಬದಿಗೆ ಕಟ್ಟೆ ಇತ್ತು. ಬಸ್ಸು ತಪ್ಪಿದವರು, ಗಂಟು ಹೊತ್ತು ದಣಿದವರು, ಹಾಲು ಮಾರಿ ಮನೆಗೆ ಹೊರಟವರು ಯಾರ ಅಪ್ಪಣೆಯೂ ಇಲ್ಲದೆ ಅಲ್ಲಿ ಕೂತು ಎದ್ದು ಹೋಗುತ್ತಿದ್ದರು. ಹೊಸ ಮನೆಯಲ್ಲಿ ಕಟ್ಟೆ ಇರಬೇಕಾದ ಜಾಗದಲ್ಲಿ ಕರಿ ಗ್ರಾನೈಟಿನ ಇಳಿಜಾರು ಬಂದಿತ್ತು. ಅದರ ಮೇಲೆ ಕೂತವರು ಜಾರುತ್ತಾರೆ. ಜಾರಲಿ ಎಂದೇ ಹಾಗೆ ಮಾಡಿದ್ದು.

ಪ್ರಭುಲಿಂಗಪ್ಪ ಮೆಣಸಿನಕಾಯಿ ದಲಾಲ. ಮಾರುಕಟ್ಟೆ ಯಾರ್ಡಿನಲ್ಲಿ ಅವನ ಅಂಗಡಿ, ಊರ ಹೊರಗೆ, ಹೊಸ ಮನೆಗೆ ಹತ್ತಿರವೇ, ಒಂದು ತಗಡಿನ ಗೋದಾಮು. ಎರಡು ಸಾವಿರದ ಐದರ ಸುಗ್ಗಿ ಅವನ ಕೈ ಹಿಡಿದಿತ್ತು. ಅಂಥ ಸುಗ್ಗಿ ಬಂದಾಗ ಅವನ ಅಪ್ಪನ ಕಾಲದವರು ಊರಿಗೊಂದು ಬಾವಿ ತೋಡಿಸುತ್ತಿದ್ದರು. ಇವನು ಹುಬ್ಬಳ್ಳಿಯಿಂದ ಸುನೀಲಕುಮಾರ ಎಂಬ ಡಿಸೈನರನನ್ನು ಕರೆಸಿದ.

"ಮನಿ ಅಂದ್ರ ಬರೇ ಗ್ವಾಡಿ ಅಲ್ರಿ ಸಾಹೇಬ್ರ," ಎಂದು ಸುನೀಲಕುಮಾರ ನಕ್ಷೆ ಹರವಿಕೊಂಡು ಹೇಳಿದ್ದ. "ಹೊರಗಿನ ಬಯಲು ಒಳಗ ಬರಬೇಕು. ಮನಿ ಬಯಲಿನ ಜೋಡಿ ಮಾತಾಡಬೇಕು."

"ಮಾತಾಡಲಿ ಬಿಡ್ರಿ," ಎಂದಿದ್ದ ಪ್ರಭುಲಿಂಗಪ್ಪ. "ರಸ್ತಾದಾಗ ಹೋಗೋರು ಬ್ರೇಕ್ ಹಾಕಿ ನೋಡಬೇಕು. ನನಗ ಅಷ್ಟ ಸಾಕು."

ಹಾಗಾಗಿ ಮೂಡಲಿಗೆ ಎರಡು ಅಂತಸ್ತಿನ ಗಾಜು ಬಂತು. ಅದರ ಪಕ್ಕದ ಗೋಡೆಗೆ ಒಣಗಿದ ಬ್ಯಾಡಗಿ ಕಾಯಿಯದೇ ಬಣ್ಣ ಬಂತು. ಹಾಲಿನ ಮೇಲೆ ಅಟ್ಟವಿಲ್ಲ, ಮಾಡಿನ ತನಕ ಬಯಲು. ಅಡುಗೆಮನೆಗೆ ಬಾಗಿಲಿಲ್ಲ, ಅದು ಹಾಲಿಗೇ ತೆರೆದಿತ್ತು. ಪಡುವಣ ಗೋಡೆಯ ತುದಿಯಲ್ಲಿ ಗಾಜಿನ ಪಟ್ಟಿಗಳ ಕಿಟಕಿಸಾಲು. ಸಂಜೆಯ ಪಡುವಣ ಗಾಳಿ ಅಲ್ಲಿ ಹೊಕ್ಕು, ಮನೆಯನ್ನೆಲ್ಲ ಗುಡಿಸಿಕೊಂಡು, ಮೂಡಲ ಗಾಜಿನ ಎಳೆಬಾಗಿಲಿನ ಸಂದಿನಿಂದ ಹೊರಗೆ ಹೋಗಬೇಕು ಎಂಬುದು ನಕ್ಷೆ. ಗಾಳಿ ನಕ್ಷೆಯ ಮಾತು ಕೇಳಿತು. ಅಂಗಳದಲ್ಲಿದ್ದ ಜಾಲಿ, ಕವಳಿ ಗಿಡ ಕಿತ್ತು ಹುಲ್ಲಿನ ಹಾಸು ಹಾಸಿದರು, ಅದಕ್ಕೆ ಟ್ಯಾಂಕರ್ ನೀರು. ಎಲ್ಲಿಂದಲೋ ಲಾರಿಯಲ್ಲಿ ಮಲಗಿಸಿಕೊಂಡು ಬಂದ ಖರ್ಜೂರದ ಗಿಡಗಳನ್ನು ಗೇಟಿನ ಪಕ್ಕ ನಿಲ್ಲಿಸಿದರು.

ಮನೆಯ ಮುಂದೆ, ಆ ಗಾಜಿನ ಎದುರಿಗೆ, ಒಂದು ಬಂಡಿದಾರಿ. ಅದನ್ನು ದಾಟಿದರೆ ಸಣ್ಣ ಕಲ್ಲಿನ ಗರಸು ಬಯಲು. ಮೊದಲು ಅದು ಜಹಾಂಗೀರಸಾಬನ ಹೊಲ. ಬೀಜ ಹಾಕಿದರೆ ಬೀಜವೂ ಬರುತ್ತಿರಲಿಲ್ಲ. ಆದರೆ ನೆಲ ಚಪ್ಪಟೆ, ಗಾಳಿ ಧಾರಾಳ, ನಡುವೆ ಒಂದು ಬೇವಿನ ಗಿಡ. ಯಾರ್ಡಿನಿಂದ ಬಂದ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯುವ ಹೆಂಗಸರು ಅಲ್ಲಿ ಕೂಡುತ್ತಿದ್ದರು. ಕೂಡಬೇಡಿ ಎಂದು ಜಹಾಂಗೀರಸಾಬ ಒಂದು ದಿನವೂ ಹೇಳಿರಲಿಲ್ಲ. ಬಯಲನ್ನು ಈಗ ಪ್ರಭುಲಿಂಗಪ್ಪ ಕೊಂಡಿದ್ದ. ಮುಂದೆ ಯಾರೂ ಮನೆ ಕಟ್ಟಿ ನೋಟ ಮುಚ್ಚಬಾರದಲ್ಲ. ಹೆಂಗಸರು ಮಾತ್ರ ಅಲ್ಲೇ ಉಳಿದರು, ಯಾಕೆಂದರೆ ಅವರು ಮುರಿಯುತ್ತಿದ್ದ ಕಾಯಿಯೂ ಪ್ರಭುಲಿಂಗಪ್ಪನದೇ.

ಅವರಲ್ಲಿ ಮುಂದಾಳು ಉಡಚವ್ವ. ಅವಳ ಎಡಕ್ಕೆ ಅತ್ತೆ ಮುದುಕವ್ವ, ಬಲಕ್ಕೆ ಗೆಳತಿ ಮುಮ್ತಾಜಬಿ, ಆಮೇಲೆ ಓಣಿಯ ಉಳಿದ ಹೆಂಗಸರು. ಮುದುಕವ್ವನಿಗೆ ದಮ್ಮು. ತನ್ನ ಹೆಸರು ಹೇಳಲೂ ಬಾರದ ವಯಸ್ಸಿನಿಂದ ಮೆಣಸಿನಕಾಯಿಯ ಧೂಳು ಕುಡಿದ ಎದೆ ಅದು. ಗಾಳಿ ಬರುವ ದಿಕ್ಕಿಗೆ ಕೂತರೆ ಕೆಲಸ ಮಾಡುತ್ತಾಳೆ, ಹಾಡು ಹೇಳುತ್ತಾಳೆ, ಬೈಯುತ್ತಾಳೆ. ಮುಚ್ಚಿದ ಜಾಗದಲ್ಲಿ ಕೂತರೆ ಬಾಯಿ ತೆರೆದು ಮೀನಿನಂತೆ ಒದ್ದಾಡುತ್ತಾಳೆ. ಹೋದ ವರ್ಷದ ಅಕಾಲ ಮಳೆಯಲ್ಲಿ ಒಂದೇ ಒಂದು ದಿನ ತಗಡಿನ ಗೋದಾಮಿನಲ್ಲಿ ಕೂತಿದ್ದಕ್ಕೆ ಅವಳನ್ನು ಹಾವೇರಿಯ ದವಾಖಾನೆಗೆ ಒಯ್ಯಬೇಕಾಗಿತ್ತು. ಉಡಚವ್ವನಿಗೆ ಆ ಬಯಲೆಂದರೆ ಅತ್ತೆಯ ಉಸಿರು. ಬೇರೆ ಲೆಕ್ಕ ಅವಳಿಗೆ ಇರಲಿಲ್ಲ.

ಮನೆ ಹೊಕ್ಕ ಮೇಲೆ ಪ್ರಭುಲಿಂಗಪ್ಪನ ಹೆಂಡತಿ ನಿರ್ಮಲಾಗೆ ತಲೆನೋವು ಹತ್ತಿತು. ಮುಂಜಾನೆಯ ಮೂಡಣ ಗಾಳಿ ಬಯಲಿನ ಧೂಳನ್ನು ಹೊತ್ತು ಸೋಫಾದ ಮೇಲೆ ಇಡುತ್ತಿತ್ತು. ಹುಲ್ಲು ಹಳದಿಯಾಯಿತು. ಒಂದು ಖರ್ಜೂರದ ಗಿಡ ನಿಂತಲ್ಲೇ ಒಣಗಿತು. ದೊಡ್ಡ ಗಾಜಿಗೆ ಮೂಲೆಯಲ್ಲೊಂದು ಸೀಳು ಬಂತು. ಇಷ್ಟಾದ ಮೇಲೆ ಇನ್ನೇನು ಬೇಕು? ದೃಷ್ಟಿಯೇ ತಾಗಿದೆ ಎಂದು ನಿರ್ಮಲಾ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಇದ್ದಿಲ ಮೇಲೆ ಒಗೆದಳು.

ಘಾಟು ಬರಲಿಲ್ಲ.

ಸುಟ್ಟ ಮೆಣಸಿನಕಾಯಿಗೆ ಘಾಟು ಬಂದರೆ ದೃಷ್ಟಿ ಇಲ್ಲ. ಬರದಿದ್ದರೆ ಕಾಯಿಯ ಖಾರವನ್ನೇ ನುಂಗುವಷ್ಟು ಜೋರಾದ ದೃಷ್ಟಿ. ಊರೊಳಗಿನ ಹಳೆಯ ಮನೆಯಲ್ಲಿ ಎರಡು ಕಾಯಿ ಸುಟ್ಟರೆ ಓಣಿಯೇ ಕೆಮ್ಮುತ್ತಿತ್ತು. ಇಲ್ಲಿ ಹಿಡಿತುಂಬ ಸುಟ್ಟರೂ ನಿರ್ಮಲಾಗೆ ಒಂದು ಸೀನು ಬರಲಿಲ್ಲ. ಯಾರ ಕಣ್ಣು ಎಂದು ಅವಳು ಹುಡುಕಬೇಕಾಗಿರಲಿಲ್ಲ. ಗಾಜಿನ ಆಚೆ ಕಣ್ಣುಗಳು ದಿನವಿಡೀ ಕೂತಿದ್ದವು.

ಮಂಗಳವಾರ ಇಳಿಹೊತ್ತಿಗೆ ಮನೆಗೆಲಸದ ಸಿದ್ದವ್ವ ಒಂದು ಕಾಗದದ ಚೂರು ಹಿಡಿದು ಬಯಲಿಗೆ ಬಂದಳು. ಅವಳದೂ ಉಡಚವ್ವನ ಓಣಿಯೇ.

"ಕಾಲು ಸ್ವಲ್ಪ ಎತ್ತಬೇ," ಎಂದಳು, ಯಾರ ಮುಖವನ್ನೂ ನೋಡದೆ.

"ಯಾಕ, ಕಾಲುಂಗುರದ ಅಳತಿ ತಗೊಳ್ಳಾಕ ಬಂದಿಯೇನ?" ಎಂದಳು ಮುಮ್ತಾಜಬಿ. "ನನಗ ಬ್ಯಾಡ ತಗಿ, ನಮ್ಮಲ್ಲಿ ಹಾಕೂದಿಲ್ಲ."

"ಮಣ್ಣು ಬೇಕಾಗೈತಿ. ಅಕ್ಕಾರು ಹೇಳ್ಯಾರ."

ಹೆಂಗಸರ ಕೈಗಳು ನಿಂತವು. ಕಾಲಡಿಯ ಮಣ್ಣು ಯಾಕೆ ಒಯ್ಯುತ್ತಾರೆ ಎಂಬುದು ಅಲ್ಲಿ ಯಾರಿಗೂ ಹೊಸದಲ್ಲ. ಕಣ್ಣು ಹಾಕಿದವರ ಮಣ್ಣನ್ನು ಉಪ್ಪು ಮೆಣಸಿನಕಾಯಿಯ ಸಂಗಾಟ ಬೆಂಕಿಗೆ ಹಾಕುತ್ತಾರೆ.

"ನಮ್ಮ ಕಣ್ಣು ಆ ಮನಿಗೆ ತಾಗೈತಂತೇನ?" ಎಂದಳು ಉಡಚವ್ವ.

"ನಾ ಏನ್ ಹೇಳ್ಲಿ ಯವ್ವಾ. ನಾ ಕೂಲಿಯಾಕಿ."

"ನಾವೇನ್ ಮಾಲಕರಾ? ಒಯ್ಯಿ. ಎಲ್ಲಾರದೂ ಒಯ್ಯಿ. ಅತ್ತಿದು ಎರಡು ಹಿಡಿ ಒಯ್ಯಿ, ಆಕೀಗೆ ದೂರದ್ದು ಕಾಣಂಗಿಲ್ಲ, ಪಾಪ, ಹತ್ತರ ಹೋಗಿ ನೋಡಿರಬೇಕು."

ಮುದುಕವ್ವ ನಕ್ಕಳು. ಹೆಚ್ಚು ಹೊತ್ತಲ್ಲ. ದೀಪ ಹಚ್ಚುವ ಹೊತ್ತಿಗೆ ಗಾಜಿನ ಮನೆಯ ಎದೆಯಿಂದ ಪಡುವಣ ಗಾಳಿ ಹೊರಬಿತ್ತು, ಅದರ ಜೊತೆ ಸುಟ್ಟ ಮೆಣಸಿನಕಾಯಿಯ ಅಷ್ಟೂ ಘಾಟು. ಬಂಡಿದಾರಿ ದಾಟಿ ಸೀದಾ ಬೇವಿನ ಗಿಡದ ಬುಡಕ್ಕೆ ಬಂತು. ಹೆಂಗಸರು ಸೆರಗು ಮೂಗಿಗೆ ಒತ್ತಿಕೊಂಡು ಕೆಮ್ಮಿದರು. ಮುದುಕವ್ವ ನೆಲಕ್ಕೆ ಕೈ ಊರಿ, ಒಂದು ಉಸಿರು ಎಳೆದುಕೊಳ್ಳಲು ಇಡೀ ಮೈಯನ್ನು ಎತ್ತಿ ಎತ್ತಿ ಹಾಕಿದಳು. ಒಳಗೆ, ಮಾಡಿನ ತನಕ ಬಯಲಾದ ಹಾಲಿನಲ್ಲಿ, ನಿರ್ಮಲಾ ಮೂಗು ಎಳೆದು ನೋಡುತ್ತಿದ್ದಳು: ಘಾಟಿಲ್ಲ. ಮುಂದಿನ ಸಲ ಇನ್ನೆರಡು ಹಿಡಿ ಹೆಚ್ಚು.

ಹೀಗೆ ಮಂಗಳವಾರಗಳು ಹೋದವು. ಪ್ರತಿ ಮಂಗಳವಾರ ಮಣ್ಣು ಹೋಗುವುದು, ಘಾಟು ಬರುವುದು.

ಅಷ್ಟರಲ್ಲಿ ಸುನೀಲಕುಮಾರ ಒಬ್ಬ ಫೋಟೋಗ್ರಾಫರನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದ. ಯಾವುದೋ ಪತ್ರಿಕೆಯಲ್ಲಿ ಹೊಸ ಮನೆಗಳ ಪುಟ ಬರುತ್ತದಂತೆ. ಸುನೀಲಕುಮಾರ ಬಯಲಿನ ಅಂಚಿನಲ್ಲಿ ನಿಂತು, ಎರಡು ಕೈಯ ಬೆರಳಿನಿಂದ ಚೌಕಟ್ಟು ಮಾಡಿ, ಮನೆಯನ್ನೂ ಮುಂದಿನ ಕೆಂಪು ರಾಶಿಯನ್ನೂ ಅದರೊಳಗೆ ಕೂರಿಸಿ ನೋಡಿದ.

"ಮೆಣಸಿನಕಾಯಿ ಇರಲಿ," ಎಂದ ಪ್ರಭುಲಿಂಗಪ್ಪನಿಗೆ. "ಗ್ವಾಡಿ ಬಣ್ಣ, ಕಾಯಿ ಬಣ್ಣ, ಎರಡೂ ಒಂದಾಗ್ತಾವ. ಮಣ್ಣಿನೊಳಗಿಂದ ಮನಿ ಎದ್ದಂಗ ಕಾಣ್ತೈತಿ. ಇವರನ್ನ ಒಂದಿಷ್ಟು ಆಕಡೆ ಕಳಸ್ರಿ."

"ಏಳ್ರವಾ," ಎಂದ ಪ್ರಭುಲಿಂಗಪ್ಪ. "ಗೋದಾಮಿನ ಹಿಂದ ಹೋಗಿ ನಿಲ್ರಿ. ಫೋಟೋ ಆಗೂತನ."

ಯಾರೂ ಏಳಲಿಲ್ಲ. ಉಡಚವ್ವ ಮಡಿಲಿನ ತುಂಬುಗಳನ್ನು ಕೊಡವಿದಳು.

"ನಾವು ಮುರದ ಕಾಯಿ ಫೋಟೋದಾಗ ಬರ್ತಾವ, ನಾವು ಬರಂಗಿಲ್ಲೇನ್ರಿ ಸಾವ್ಕಾರ್ರ?"

"ನೀ ಬಂದು ಏನ್ ಮಾಡ್ತಿ? ಸಿನಿಮಾದಾಗ ಕರದಾರೇನ ನಿನ್ನ?"

"ನೀವು ಕರೀದಿದ್ರೂ ನಾವು ಮೊದಲಿಂದ ಇಲ್ಲೇ ಅದೀವ್ರಿ. ನಡುವ ಬಂದಿದ್ದು ಮನಿ."

ಫೋಟೋಗ್ರಾಫರ ನಕ್ಕ. ಆ ನಗು ಪ್ರಭುಲಿಂಗಪ್ಪನಿಗೆ ತಾಗಿತು. ಗೇಟಿನ ಒಳಗೆ ನಿಂತಿದ್ದ ನಿರ್ಮಲಾ ಹೊರಗೆ ಬಂದಳು.

"ಮಾತಿಗೇನು ಕಮ್ಮಿ ಇಲ್ಲ. ದಿನಾ ಕುಂತು ಕುಂತು ಮನೀನ ನುಂಗೀರಿ. ಗಿಡ ಒಣಗಿಸೀರಿ, ಗಾಜು ಸೀಳಿಸೀರಿ. ಮೆಣಸಿನಕಾಯಿ ಸುಟ್ರ ಘಾಟು ಸೈತ ಏಳವಲ್ದು ಈ ಮನ್ಯಾಗ."

"ಏಳತೈತ್ರಿ ಅಕ್ಕಾರ," ಎಂದಳು ಉಡಚವ್ವ. "ಎದ್ದು ನಮ್ಮ ಕಡೆ ಬರ್ತೈತಿ. ಆ ಮ್ಯಾಲಿನ ಕಿಟಕಿ ಮುಚ್ಚಿ, ಈ ಗಾಜು ಎಳದು, ಆಮ್ಯಾಲ ಸುಟ್ಟು ನೋಡ್ರಿ. ನೀವು ಸುಟ್ಟಿದ್ದಕ್ಕ ನಮ್ಮತ್ತಿ ಸಾಯಾಕತ್ತಾಳ."

ನಿರ್ಮಲಾ ಸುನೀಲಕುಮಾರನ ಕಡೆ ನೋಡಿದಳು. ಗಾಳಿ ಎಲ್ಲಿ ಹೊಕ್ಕು ಎಲ್ಲಿ ಹೊರಡುತ್ತದೆ ಎಂದು ನಕ್ಷೆಯಲ್ಲಿ ಬಾಣ ಬರೆದವನು ಅವನು. ಅವನು ಕಾರಿನ ಗಾಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿ ನೋಡುತ್ತಿದ್ದ.

"ಕೇಳಿದ್ಯಾ?" ಎಂದ ಪ್ರಭುಲಿಂಗಪ್ಪ ಹೆಂಡತಿಗೆ. "ದೃಷ್ಟಿ ಹಾಕಿದ್ದೂ ಅವರ, ನಮಗ ಮನಿ ಹ್ಯಾಂಗ ನಡಸಬೇಕಂತ ಹೇಳೋರೂ ಅವರ." ಆಮೇಲೆ ಉಡಚವ್ವನತ್ತ ತಿರುಗಿದ. "ನಾಳಿಂದ ಈ ಬಯಲಿಗೆ ಯಾರೂ ಬರೂದು ಬ್ಯಾಡ. ಕಾಯಿ ಗೋದಾಮಿನಾಗ ಇರ್ತಾವ. ಕೆಲಸ ಬೇಕಾದೋರು ಅಲ್ಲಿ ಬರ್ರಿ, ಬ್ಯಾಡಾದೋರು ಮನ್ಯಾಗ ಕುಂದರ್ರಿ. ಇವತ್ತ ಫೋಟೋ ಬ್ಯಾಡ, ಫೋಟೋದೋರು ಅಮಾಸಿ ದಿನ ಮತ್ತ ಬರ್ತಾರ. ಅವತ್ತ ಇಲ್ಲಿ ಒಂದು ಸೆರಗು ಕಾಣಬಾರದು."

"ಗೋದಾಮಿನಾಗ ಅತ್ತಿ ಉಳಿಯಂಗಿಲ್ರಿ."

"ಮುದುಕಿ ಮನ್ಯಾಗ ಇರ್ಲಿ."

"ಮನ್ಯಾಗ ಕುಂತ್ರ ಆಕೀಗೆ ಯಾರ್ ಉಣ್ಣಾಕ ಹಾಕ್ತಾರ? ನೀವಾ?"

ಅವನು ಗೇಟಿನೊಳಗೆ ನಡೆದ. ಅದು ಉತ್ತರ ಕೊಡುವಂಥ ಪ್ರಶ್ನೆ ಎಂದು ಅವನಿಗೆ ಅನ್ನಿಸಿರಲೇ ಇಲ್ಲ.

ಆ ಸಂಜೆಯೇ ಅವನು ಗೋದಾಮಿನಲ್ಲಿ ಚೀಲಗಳನ್ನು ಬಿಚ್ಚಿಸಿ ಕಾಯಿಗೆ ನೀರು ಹೊಡೆಸಿದ. ತುಂಬು ಮುರಿಯುವ ಹಿಂದಿನ ದಿನ ಹಾಗೆ ಮಾಡುವುದು ಪದ್ಧತಿ. ಒಣಕಾಯಿ ಮುಟ್ಟಿದರೆ ಪುಡಿಯಾಗುತ್ತದೆ, ನೀರು ಕುಡಿದ ಕಾಯಿ ಬಾಗುತ್ತದೆ, ಮುರಿಯುವುದಿಲ್ಲ. ಆದರೆ ನೀರು ಹೊಡೆದ ಮೇಲೆ ಅದು ಕಾಯುವ ಸರಕಲ್ಲ. ಮರುದಿನವೇ ತುಂಬು ತೆಗೆದು ಬಿಸಿಲಿಗೆ ಹರವಬೇಕು. ಹಾಗೇ ರಾಶಿ ಬಿಟ್ಟರೆ ಒಳಗೊಳಗೆ ಕಾವು ಹಿಡಿದು ಬೂಷ್ಟು ಬರುತ್ತದೆ. ಆಮೇಲೆ ಅದನ್ನು ಕೇಳುವವರಿಲ್ಲ. ಹೆಂಗಸರು ಒಪ್ಪಿದರೇ ಎಂದು ಕೇಳುವ ಮೊದಲೇ ಪ್ರಭುಲಿಂಗಪ್ಪ ಗೋದಾಮಿನ ಅಷ್ಟೂ ಕಾಯಿಗೆ ನೀರು ಹೊಡೆಸಿದ್ದ. ಬರದೆ ಎಲ್ಲಿ ಹೋಗುತ್ತಾರೆ ಎಂಬುದು ಅವನ ಖಾತ್ರಿ. ಅವನ ಅಪ್ಪನಾದರೆ ಮೊದಲು ಕೈ ಎಣಿಸಿ, ಆಮೇಲೆ ಕೊಡ ಎತ್ತುತ್ತಿದ್ದ.

ಮುಂಜಾನೆ ಹೆಂಗಸರು ಗೋದಾಮಿನ ಬಾಗಿಲಿಗೆ ಬಂದರು. ಕಿಟಕಿ ಇಲ್ಲದ ತಗಡು, ಒಳಗೆ ಹಸಿ ಮೆಣಸಿನಕಾಯಿಯ ಉಗಿ. ಮುದುಕವ್ವ ಹೊಸ್ತಿಲ ಮೇಲೆ ಒಂದು ಕಾಲಿಟ್ಟಳು. ಎರಡನೇ ಕಾಲು ಎತ್ತುವ ಮೊದಲೇ ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಎದೆಯೊಳಗೆ ಸಿಳ್ಳು ಶುರುವಾಗಿತ್ತು.

"ಹೋಗ್ರಿ ನೀವು," ಎಂದಳು ಉಸಿರಿನ ನಡುವೆ. "ನಾ ಒಬ್ಬಾಕಿ ಮನಿಗೆ ಹೋಗ್ತೇನಿ."

"ಒಬ್ಬಾಕೀನ ಎಲ್ಲಿ ಹೋಗ್ತಿ, ಸುಮ್ನಿರು," ಎಂದಳು ಉಡಚವ್ವ. ಅತ್ತೆಯ ತೋಳು ಹಿಡಿದು ಹೊರಗೆ ಎಳೆದುಕೊಂಡಳು. ಮುಮ್ತಾಜಬಿ ಬುತ್ತಿಗಂಟನ್ನು ಮತ್ತೆ ತಲೆಯ ಮೇಲೆ ಇಟ್ಟುಕೊಂಡಳು. ಮಿಕ್ಕವರು ಒಬ್ಬರ ಮುಖ ಒಬ್ಬರು ನೋಡಿದರು. ಇವತ್ತಿನ ಕೂಲಿ ಹೋದರೆ ಇವತ್ತಿನ ಒಲೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಯಾರೂ ಒಳಗೆ ಹೋಗಲಿಲ್ಲ.

"ಕಾಗಿನೆಲೆಯಿಂದ ಟೆಂಪೋ ತುಂಬಾ ಹೆಣ್ಮಕ್ಕಳನ್ನ ತರಸ್ತೇನಿ," ಎಂದು ಪ್ರಭುಲಿಂಗಪ್ಪ ಹಿಂದಿನಿಂದ ಕೂಗಿದ. "ನಿಮ್ಮ ಕೈಯಾಗ ಏನು ಬಂಗಾರ ಐತೇನ?"

"ತರಸ್ರಿ," ಎಂದಳು ಮುಮ್ತಾಜಬಿ, ನಡೆಯುತ್ತಲೇ. "ನನ್ನ ತಂಗೀನೂ ಅಲ್ಲೇ ಅದಾಳ. ಸಿಕ್ರ ನಮಸ್ಕಾರ ಹೇಳ್ರಿ."

ಸಿಗಲಿಲ್ಲ. ಸುಗ್ಗಿಯ ನಟ್ಟನಡುವೆ ಯಾವ ಊರಿನಲ್ಲೂ ಖಾಲಿ ಕೈ ಇರಲಿಲ್ಲ, ಇದ್ದ ಕೈಗಳಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಟೆಂಪೋ ಹೋದಂತೆ ಬಂತು. ಉಡಚವ್ವನ ಓಣಿಯಲ್ಲಿ ಅಂದು ಹಲವು ಒಲೆಗಳು ಹೊತ್ತಲಿಲ್ಲ. ಗೋದಾಮಿನೊಳಗೆ ಮಾತ್ರ ಬೆಂಕಿಯಿಲ್ಲದೆ ಕಾವು ಏರುತ್ತಿತ್ತು. ಮರುದಿನ ಪ್ರಭುಲಿಂಗಪ್ಪ ರಾಶಿಯೊಳಗೆ ಕೈ ತೂರಿಸಿ ಥಟ್ಟನೆ ಹೊರಗೆಳೆದ. ಅಂಗೈ ಬಿಸಿಯಾಗಿತ್ತು, ಉಗುರಿನ ಸಂದಿಯಲ್ಲಿ ಬಿಳಿ ಬೂಷ್ಟಿನ ಎಳೆ.

ಅವನೇ ಓಣಿಗೆ ಬಂದ. ಮುದುಕವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅಭ್ಯಾಸಬಲದಿಂದ ಅವನೂ ಕೂಡಲು ಹೋದ, ಆಮೇಲೆ ಏನೋ ನೆನಪಾಗಿ ನಿಂತ.

"ಕಾಯಿ ಕೆಡಾಕತ್ತಾವ," ಎಂದ.

"ಹೌದಾ," ಎಂದಳು ಬಾಗಿಲಲ್ಲಿ ನಿಂತ ಉಡಚವ್ವ. "ಯಾರದರ ಕಣ್ಣು ತಾಗಿರಬೇಕು ನೋಡ್ರಿ."

ಬೈದರೆ ಕಾಯಿ ಉಳಿಯುವುದಿಲ್ಲ.

"ಬಯಲಿಗೆ ತರಸ್ತೇನಿ. ಬರ್ರಿ."

"ಬಯಲಿಗೆ ಅಂದ್ರ ಇವತ್ತ ಅಷ್ಟನೋ, ದಿನಾನೋ?"

"ಈ ಸುಗ್ಗಿ ಮುಗಿಯೂತನ."

"ಮುಂದಿನ ಸುಗ್ಗಿಗೂ ಕಾಯಿ ನೀರು ಕುಡೀತಾವ್ರಿ. ಅದು ನೆನಪಿರಲಿ. ಇನ್ನೊಂದು, ನಮ್ಮ ಕಾಲಡಿ ಮಣ್ಣಿಗೆ ಇನ್ನ ಯಾರೂ ಬರಬಾರದು."

"ಅಮಾಸಿ ದಿನ ಫೋಟೋ—"

"ತಗೀಲಿ. ನಮ್ಮ ಕಣ್ಣು ನಿಮ್ಮ ಮನಿ ಮ್ಯಾಲ ಬೀಳದಂಗ ಕುಂದರ್ತೀವಿ. ಅದನ್ನ ನನಗ ಬಿಡ್ರಿ."

ಅವನು ತಲೆಯಾಡಿಸಿದ. ಒಪ್ಪಿಗೆಗಿಂತ ಹಗೆಯೇ ಅದರಲ್ಲಿ ಹೆಚ್ಚಿತ್ತು. ಅವಳೂ ಅದನ್ನು ಕಂಡಳು. ಕಂಡೇ ಸೆರಗು ಸಿಕ್ಕಿಸಿಕೊಂಡು ಹೊರಟಳು.

ಅಮಾವಾಸ್ಯೆಯ ಮುಂಜಾನೆ ಹೆಂಗಸರು ಗಾಜಿನ ಮನೆಗೆ ಬೆನ್ನು ಮಾಡಿ ಕೂತರು. ಎಲ್ಲರೂ. ಬಂಡಿದಾರಿಯ ಅಂಚಿಗೆ, ಗೇಟಿಗೆ ಎದುರಾಗಿ, ಒತ್ತೊತ್ತಾಗಿ ಒಂದು ಸಾಲು. ಸವೆದ ಕುಪ್ಪಸಗಳು, ಬೆವರಿನ ಉಪ್ಪಿನ ಗೆರೆಗಳು, ಬಾಗಿದ ಬೆನ್ನುಮೂಳೆಗಳು. ಅವುಗಳ ಆಚೆ ಬೇವಿನ ಗಿಡದ ತನಕ ಕೆಂಪು ಕಾಯಿ, ಅಲ್ಲಲ್ಲಿ ಬೂಷ್ಟಿನ ಬಿಳಿ. ದೊಡ್ಡ ಗಾಜಿನಲ್ಲಿ ಆ ಬೆನ್ನುಗಳೇ ಮತ್ತೊಂದು ಸಾಲಾಗಿ ಕಾಣುತ್ತಿದ್ದವು. ಮನೆಯನ್ನು ಎಲ್ಲಿಂದ ನೋಡಿದರೂ ಮೊದಲು ಅವೇ.

ಫೋಟೋಗ್ರಾಫರ ಆಚೆ ಹೋದ, ಈಚೆ ಬಂದ, ಕಾರಿನ ಬಾನೆಟ್ಟು ಹತ್ತಿದ.

"ತಿರುಗಿ ಕುಂದರಾಕ ಹೇಳ್ರಿ," ಎಂದ ಕಡೆಗೆ.

"ತಿರುಗಿದ್ರ ದೃಷ್ಟಿ ಆಗ್ತೈತ್ರಿ," ಎಂದಳು ಮುಮ್ತಾಜಬಿ, ತಿರುಗದೆ. "ಅಕ್ಕಾರು ಬಯ್ತಾರ."

ಸುನೀಲಕುಮಾರ ಪ್ರಭುಲಿಂಗಪ್ಪನನ್ನು ನೋಡಿದ. ಪ್ರಭುಲಿಂಗಪ್ಪ ಕಾಯಿಯನ್ನು ನೋಡುತ್ತಿದ್ದ. ಮಧ್ಯಾಹ್ನಕ್ಕೆ ಮುಂಚೆಯೇ ಕಾರು ಹುಬ್ಬಳ್ಳಿಯ ದಾರಿ ಹಿಡಿಯಿತು.

ಬೂಷ್ಟು ಹಿಡಿದ ಕಾಯಿಯ ಧೂಳು ಬೇರೆಯೇ. ಗೇಟಿನ ಬುಡದಿಂದಲೇ ಅದು ಎದ್ದು ಒಳಗೆ ನುಗ್ಗಿದಾಗ ನಿರ್ಮಲಾ ಮೂಡಲ ಗಾಜನ್ನು ಎಳೆಸಿ ಚಿಲಕ ಹಾಕಿಸಿದಳು. ಪರದೆ ಬಿಡಿಸಿದಳು. ಪಡುವಣ ಕಿಟಕಿಯ ಪಟ್ಟಿಗಳನ್ನೂ ಸಿದ್ದವ್ವ ಕೋಲಿನಿಂದ ಒಂದೊಂದಾಗಿ ಮುಚ್ಚಿದಳು. ಬಯಲನ್ನು ಒಳಗೆ ಕರೆದುಕೊಳ್ಳಲು ಕಟ್ಟಿದ ಮನೆ ಸಂದೂಕಿನಂತೆ ಮುಚ್ಚಿಕೊಂಡು ಕೂತಿತು.

ಸಂಜೆಯಾಯಿತು. ಅಮಾವಾಸ್ಯೆ, ಕಾಯಿ ಕೆಟ್ಟಿದೆ, ಫೋಟೋ ಕೆಟ್ಟಿದೆ. ನಿರ್ಮಲಾ ಬಿಡುತ್ತಾಳೆಯೇ? ಮಣ್ಣು ಸಿಕ್ಕಿರಲಿಲ್ಲ, ಅದಕ್ಕೇ ಅದರ ಪಾಲಿನ ಮೆಣಸಿನಕಾಯಿಯನ್ನೂ ಸೇರಿಸಿ, ಎರಡು ಬೊಗಸೆ ತುಂಬಿ ಇದ್ದಿಲ ಮೇಲೆ ಸುರಿದಳು.

ಬಯಲಿನಲ್ಲಿ ಹೆಂಗಸರು ಸೆರಗನ್ನು ಮೂಗಿನ ಹತ್ತಿರ ತಂದು ಕಾದರು. ಪಡುವಣ ಗಾಳಿ ಮನೆಯ ಎರಡೂ ಮಗ್ಗುಲಿನಿಂದ ಸುತ್ತಿ ಬಂತು. ಅದರಲ್ಲಿ ಬೇವಿನ ಹೂವಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಮುದುಕವ್ವ ಒಂದು ಉಸಿರು ಉದ್ದಕ್ಕೆ ಎಳೆದಳು, ನಂಬಿಕೆ ಬಾರದೆ ಇನ್ನೊಂದು ಎಳೆದಳು.

ಆಗ ಮನೆಯೊಳಗಿನಿಂದ ಒಂದು ಕೆಮ್ಮು. ಅದರ ಹಿಂದೆ ಇನ್ನೊಂದು. ಪಾತ್ರೆ ಬಿದ್ದ ಸದ್ದು, ಗಾಜಿನ ಚಿಲಕವನ್ನು ಕುರುಡಾಗಿ ತಡಕುವ ಸದ್ದು. ಬಾಗಿಲು ತೆರೆದು ಮೊದಲು ಸಿದ್ದವ್ವ ಓಡಿ ಬಂದಳು, ಆಮೇಲೆ ನಿರ್ಮಲಾ, ಕಡೆಗೆ ಪ್ರಭುಲಿಂಗಪ್ಪ, ಕಣ್ಣು ಮೂಗು ಎಲ್ಲ ಸುರಿಸಿಕೊಂಡು. ಉಸಿರು ಸಿಗದವನಿಗೆ ಮೊದಲು ಬೇಕಾಗುವುದು ಕೂಡಲು ಒಂದು ಜಾಗ. ಪ್ರಭುಲಿಂಗಪ್ಪ ಬಾಗಿಲ ಬದಿಗೆ ಕೈ ಚಾಚಿ, ಅಪ್ಪನ ಮನೆಯಲ್ಲಿ ಕಟ್ಟೆ ಇದ್ದ ಕಡೆ ಕುಂಡೆ ಊರಿದ. ಕರಿ ಗ್ರಾನೈಟು ಅವನನ್ನು ನಿಲ್ಲಿಸಿಕೊಳ್ಳಲಿಲ್ಲ. ಜಾರಿ ಬಂದು ಹಳದಿ ಹುಲ್ಲಿನ ಮೇಲೆ ಕುಕ್ಕರಿಸಿದ. ಕೆಮ್ಮು ನಿಲ್ಲಲಿಲ್ಲ.

"ಏನಾತ ಅದು?" ಎಂದಳು ಮುದುಕವ್ವ, ಕತ್ತು ಹೊರಳಿಸುತ್ತ. "ಯಾರರ ನೀರು ಕೊಡ್ರೇ ಅವರಿಗೆ."

ಉಡಚವ್ವ ಅತ್ತೆಯ ಭುಜದ ಮೇಲೆ ಕೈಯಿಟ್ಟು ಅವಳ ಮುಖವನ್ನು ಬೇವಿನ ಗಿಡದತ್ತ ತಿರುಗಿಸಿದಳು.

"ಸಿದ್ದವ್ವ ಕೊಡ್ತಾಳ. ನೀ ತಿರುಗಬ್ಯಾಡ ಅತ್ತಿ," ಎಂದಳು. "ಮತ್ತ ದೃಷ್ಟಿ ಆದೀತು."

ಮತ್ತು ಇನ್ನೊಂದು ಕಾಯಿ ಎತ್ತಿಕೊಂಡು ತುಂಬು ಮುರಿದಳು.